ಓಣಿಯ ನೂರ ನಲವತ್ತಮೂರು ನಿವಾಸಿಗಳು

ಮಾರ್ಚ್ 4, ಸೋಮವಾರ

ಸಕಲರಿಗೂ ತಿಳಿಯಪಡಿಸುವುದೇನೆಂದರೆ (ಈ ದಿನಚರಿಯನ್ನು ಓದುವ ಸಕಲರು ನಾನೊಬ್ಬನೇ ಆದ್ದರಿಂದ, ನನಗೆ ನಾನೇ ತಿಳಿಯಪಡಿಸುವುದೇನೆಂದರೆ) ಇಂದು ಬೆಳಗ್ಗೆ ಹತ್ತೂ ಕಾಲಿಗೆ ನಾನು ನಗರಸಭೆಯ ಯೋಜನಾ ಶಾಖೆಯಲ್ಲಿ ತಾತ್ಕಾಲಿಕ ಸಹಾಯಕನಾಗಿ ಪಟ್ಟಕ್ಕೇರಿದೆ. ಹತ್ತು ಗಂಟೆಗೇ ಏರಬೇಕಿತ್ತು. ಬೀಗದ ಕೈ ಇದ್ದ ಜವಾನ ಕಾಲು ಗಂಟೆ ತಡವಾಗಿ ಬಂದ. ಸಿಂಹಾಸನಕ್ಕೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಪೇರಿಸಿಟ್ಟಿದ್ದಾರೆ.

ಯೋಜನಾಧಿಕಾರಿಗಳನ್ನು ಈ ದಿನಚರಿಯಲ್ಲಿ ಇನ್ನು ಮುಂದೆ ಮಹಾಪ್ರಭು ಎಂದು ಸಂಬೋಧಿಸತಕ್ಕದ್ದು. ಅವರು ಮಾತಾಡುವಾಗ ನಮ್ಮ ಮುಖ ನೋಡುವುದಿಲ್ಲ, ಗೋಡೆಯ ಮೇಲಿನ ನಕ್ಷೆ ನೋಡುತ್ತಾರೆ. "ಆರು ತಿಂಗಳು ನೋಡ್ತೀವಿ. ಸರಿಹೋದ್ರೆ ಕಾಯಂ, ಇಲ್ಲಾಂದ್ರೆ ಮನೆ" ಎಂದು ನಕ್ಷೆಗೆ ಹೇಳಿದರು. ನಕ್ಷೆ ಒಪ್ಪಿತು.

ಸಂಜೆ ಮನೆಗೆ ಬಂದಾಗ ಅತ್ತೆ, ಅಂದರೆ ಅಪ್ಪನ ಅಕ್ಕ, ಅಂಟಿನ ಬಟ್ಟಲು ಹಿಡಿದು ಕೂತಿದ್ದಳು. ಕೆಳಗೆ ಅವಳ ಬೈಂಡಿಂಗ್ ಅಂಗಡಿ, ಮೇಲೆ ಅವಳದೊಂದು ಕೋಣೆ, ನನ್ನದೊಂದು. ನಗರಸಭೆಯ ರಿಜಿಸ್ಟರುಗಳಿಗೆಲ್ಲ ಇಪ್ಪತ್ತೆರಡು ವರ್ಷದಿಂದ ರಟ್ಟು ಹಾಕುವವಳು ಇವಳೇ.

"ಹೆಂಗಿತ್ತೋ ಕೆಲಸ?"

"ದೇಶ ಕಟ್ಟುತ್ತಿದ್ದೇನೆ ಅತ್ತೆ."

"ಮೊದಲು ಚಪ್ಪಲಿ ಬಾರು ಕಟ್ಕೋ. ಎಳ್ಕೊಂಡು ಬರ್ತಿದೀಯ."

ಮಾರ್ಚ್ 7, ಗುರುವಾರ

ಇಂದು ಮದುವೆ. ನಗರಸಭೆಗೂ ದೂರದ ಊರಿನ ನಗರ ಅಧ್ಯಯನ ಕೇಂದ್ರಕ್ಕೂ ಒಡಂಬಡಿಕೆ. ವರನ ಕಡೆಯಿಂದ ಮಹಾಪ್ರಭು, ವಧುವಿನ ಕಡೆಯಿಂದ ಒಬ್ಬ ಪ್ರೊಫೆಸರಮ್ಮ. ನಾಲ್ಕು ಪ್ರತಿಗಳಿಗೆ ಸಹಿ. ಪೆನ್ನು ಒದಗಿಸಿದವನು ನಾನು. ಪೆನ್ನು ವಾಪಸ್ ಬರಲಿಲ್ಲ.

ಮದುವೆಯ ಕಾರಣ ಹೀಗಿದೆ. ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿಗೆ ನೇರ ದಾರಿಯಿಲ್ಲ. ಮಾಡಬೇಕು. ಆಯ್ಕೆ ಒಂದು: ನಡುವೆ ಇರುವ ಒಂಬತ್ತು ಅಡಿಯ ಓಣಿಯನ್ನು ನಲವತ್ತು ಅಡಿ ಮಾಡುವುದು. ಆಯ್ಕೆ ಎರಡು: ಹಿಂದುಗಡೆ ಖಾಲಿ ಬಿದ್ದಿರುವ ನಗರಸಭೆಯದೇ ಗೋದಾಮಿನ ಅಂಗಳದಲ್ಲಿ ಸುತ್ತು ಹೊಡೆದು ಹೋಗುವುದು. ಓಣಿ ಅಂದರೆ ನಮ್ಮ ಓಣಿ. ಮೊದಲನೆಯದಾದರೆ ಬಲಗಡೆಯ ಸಾಲು ಪೂರ್ತಿ ನೆಲಸಮ. ಬಲಗಡೆಯ ಮೂರನೆಯದು ಅತ್ತೆಯದು. ನಕ್ಷೆಯಲ್ಲಿ ಅದು ನನ್ನ ಕಿರುಬೆರಳ ಉಗುರಿನಷ್ಟಿದೆ. ಉಗುರಿಟ್ಟು ನೋಡಿದೆ, ಪೂರ್ತಿ ಮುಚ್ಚಿಹೋಯಿತು.

ಯಾವ ಆಯ್ಕೆ ಎಂದು ಸುತ್ತಮುತ್ತಲ ಇನ್ನೂರು ನಿವಾಸಿಗಳನ್ನು ಕೇಳಿಯೇ ತೀರ್ಮಾನಿಸಬೇಕು ಎಂದು ಒಡಂಬಡಿಕೆಯ ಏಳನೆಯ ಕಲಮು. ಅತ್ತೆಗೆ ಹೇಳಿದೆ. "ಕೇಳ್ತಾರಂತಾ? ಕೇಳಿದ್ರೆ ಸರಿ ಬಿಡು, ಯಾರು ಬೇಕು ಅಂತಾರೆ" ಎಂದು ದಾರಕ್ಕೆ ಮೇಣ ಹಚ್ಚುತ್ತ ಕೂತಳು.

ಮಾರ್ಚ್ 16, ಶನಿವಾರ

ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆ. ಕುರ್ಚಿ ಇನ್ನೂರು, ಜನ ಅರವತ್ತು ಚಿಲ್ಲರೆ. ಪ್ರೊಫೆಸರಮ್ಮ ಬಣ್ಣಬಣ್ಣದ ಚಿತ್ರ ತೋರಿಸಿದರು. ಚಿತ್ರದಲ್ಲಿ ನಮ್ಮ ಓಣಿಯಲ್ಲಿ ಮರಗಳಿವೆ, ಮರದ ಕೆಳಗೆ ಬೆಂಚುಗಳಿವೆ, ಬೆಂಚಿನ ಮೇಲೆ ನಾವು ಯಾರೂ ಕಂಡಿರದ ಜನ ನಗುತ್ತಿದ್ದಾರೆ.

ಅತ್ತೆಯ ಪಕ್ಕದಂಗಡಿಯ ಗಡಿಯಾರ ರಿಪೇರಿಯವರು ಎದ್ದುನಿಂತರು. "ಓಣಿ ಅಗಲ ಆದ್ರೆ ಬಸ್ಸು ಬರುತ್ತೆ, ನಾವು ಇರಲ್ಲ. ಬಸ್ಸಲ್ಲಿ ಯಾರನ್ನ ಕೂರಿಸ್ತೀರಿ?"

"ತುಂಬಾ ಒಳ್ಳೆಯ ಪ್ರಶ್ನೆ" ಎಂದರು ಪ್ರೊಫೆಸರಮ್ಮ. ಬರೆದುಕೊಂಡರು. ಒಳ್ಳೆಯ ಪ್ರಶ್ನೆಗಳಿಗೆ ಉತ್ತರ ಕೊಡುವ ಪದ್ಧತಿ ಇಲ್ಲ ಎಂದು ಇಂದು ಕಲಿತೆ.

ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟೆ. ಮನೆಗೆ ಒಯ್ದು, ಯೋಚಿಸಿ, ತುಂಬಿ, ಎರಡು ದಿನದಲ್ಲಿ ಕಚೇರಿಗೆ ತಂದುಕೊಡಬೇಕು.

ಮಾರ್ಚ್ 19, ಮಂಗಳವಾರ

"ಎಷ್ಟು ಬಂತು?"

"ಐವತ್ತೇಳು ಸರ್. ನಲವತ್ತೊಂಬತ್ತು ಜನ ಎರಡನೇ ಆಯ್ಕೆ ಬೇಕು ಅಂದಿದಾರೆ."

"ಅದು ಬಿಡು. ಇನ್ನೂರು ಅಂತ ಕಲಮಿದೆ. ಶುಕ್ರವಾರ ಕೇಂದ್ರಕ್ಕೆ ಹೋಗಬೇಕು." ಮಹಾಪ್ರಭು ನಕ್ಷೆಯ ಮೇಲಿನ ಧೂಳು ಊದಿದರು. "ನೀನು ಆ ಓಣಿಯವನೇ ಅಲ್ವೇನಯ್ಯ? ನಿಂಗೆ ಅಲ್ಲಿನ ಜನ ಎಲ್ಲ ಗೊತ್ತು. ನೋಡ್ಕೋ."

ತುಂಬು ಎನ್ನಲಿಲ್ಲ. ನೋಡ್ಕೋ ಎಂದರು. ಮಹಾಪ್ರಭುಗಳು ಸುಮ್ಮನೆ ಮಹಾಪ್ರಭುಗಳಾಗಿಲ್ಲ.

ಮಾರ್ಚ್ 21, ಗುರುವಾರ

ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ದಿನ. ಸುವರ್ಣದ ಇಂಕು ಇಲ್ಲದ ಕಾರಣ ನೀಲಿ, ಕಪ್ಪು, ಹಸಿರು ಸೇರಿ ಐದು ಪೆನ್ನು ಬಳಸಿದೆ. ಕೆಲವು ಕಡೆ ಎಡಗೈ. ಒಂದೇ ಮಧ್ಯಾಹ್ನದಲ್ಲಿ ನೂರ ನಲವತ್ತಮೂರು ನಿವಾಸಿಗಳನ್ನು ಹೆತ್ತೆ. ತಾಯಿ ಮಕ್ಕಳೆಲ್ಲ ಕ್ಷೇಮ.

ಅಷ್ಟೂ ಮಂದಿ ಓಣಿ ಅಗಲ ಮಾಡಬೇಕು ಎನ್ನುವವರು. ಏಕೆಂದರೆ ಹಾಗೆನ್ನುವವರು ಎಂಥ ಬುದ್ಧಿಗೇಡಿಗಳು ಎಂದು ಲೋಕಕ್ಕೆ ಗೊತ್ತಾಗಬೇಡವೆ? ಕೇಂದ್ರದವರು ಓದಿಕೊಂಡ ಜನ. ಮೂರನೆಯ ಹಾಳೆಗೇ ವಿಷಯ ತಿಳಿದು ನಗುತ್ತಾರೆ, ಎಲ್ಲವನ್ನೂ ಬುಟ್ಟಿಗೆ ಹಾಕುತ್ತಾರೆ, ಮಹಾಪ್ರಭುವಿಗೆ ಛೀಮಾರಿ ಪತ್ರ ಬರೆಯುತ್ತಾರೆ. ಓಣಿ ಉಳಿಯುತ್ತದೆ. ಯೋಜನೆ ಎಂದರೆ ಇದು.

ಮುಂದಿನ ಪೀಳಿಗೆಗಾಗಿ ಕೆಲವನ್ನು ಇಲ್ಲಿ ನಕಲು ಮಾಡಿಡುತ್ತೇನೆ.

ಫಾರಂ 88, ಸರ್ಕಸ್ಸಿನಿಂದ ನಿವೃತ್ತರಾದ ಸಿಂಹಪಾಲಕರು: "ಒಂಬತ್ತು ಅಡಿಯಲ್ಲಿ ಸಿಂಹಕ್ಕೆ ತಿರುಗಲು ಜಾಗ ಸಾಲದೆ ಅದು ಮುಂದೆ ಮುಂದೆ ಹೋಗುತ್ತಲೇ ಇದೆ. ಅಗಲ ಮಾಡಿದರೆ ವಾಪಸ್ ಬಂದೀತು."

ಫಾರಂ 112, ಗೃಹಿಣಿ: "ಎದುರುಮನೆಯವಳ ಜೊತೆ ಪಿಸುಮಾತಿನಲ್ಲೇ ಜಗಳ ಮುಗಿದುಹೋಗುತ್ತದೆ. ದನಿ ಏರಿಸಿ ಬೈಯಲು ನಲವತ್ತು ಅಡಿಯಾದರೂ ಬೇಕು."

ಫಾರಂ 131, ಹೆಸರೂ ವೃತ್ತಿಯೂ ಬರೆದಿಲ್ಲ: "ನಮ್ಮ ಓಣಿಗೆ ಬಿಸಿಲು ಕೂಡ ಮೈ ಅಡ್ಡ ಮಾಡಿಕೊಂಡು ಬರುತ್ತದೆ. ಪಾಪ, ದಾರಿ ಬಿಡಿ."

"ಏನೋ ಅದು, ಒಬ್ಬನೇ ನಗ್ತಿದೀಯ?" ಎಂದು ಕೆಳಗಿನಿಂದ ಅತ್ತೆ ಕೂಗಿದಳು.

"ಸರ್ಕಾರಿ ಕೆಲಸ ಅತ್ತೆ."

"ಹಾಗಾದ್ರೆ ಬಾಗಿಲು ಹಾಕ್ಕೊಂಡು ನಗು."

ಏಪ್ರಿಲ್ 3, ಬುಧವಾರ

ಕೇಂದ್ರದವರು ನಕ್ಕಿಲ್ಲ.

ಸಭೆಯ ಕೋಣೆಯಲ್ಲಿ ಪರದೆ ಇಳಿಬಿಟ್ಟು ಫಲಿತಾಂಶ ತೋರಿಸಿದರು. ಗುರುತು ಹಾಕಿದ ಚೌಕಗಳನ್ನು ಯಂತ್ರ ಎಣಿಸಿದೆ. ಓಣಿ ಅಗಲವಾಗಲಿ ಎಂದವರು ಇನ್ನೂರಕ್ಕೆ ನೂರ ಐವತ್ತೊಂದು. "ನೂರಕ್ಕೆ ಎಪ್ಪತ್ತೈದು, ನಮಗೇ ಆಶ್ಚರ್ಯ" ಎಂದರು ಪ್ರೊಫೆಸರಮ್ಮ. ಅಭಿಪ್ರಾಯದ ಕಾಲಮನ್ನು ಯಾರೋ ವಿದ್ಯಾರ್ಥಿಗಳು ವಿಂಗಡಿಸಿದ್ದಾರಂತೆ. ಪರದೆಯ ಮೇಲೆ ಒಂದು ಸಾಲು ಬಂತು: "ಸಾಕುಪ್ರಾಣಿಗಳ ಓಡಾಟಕ್ಕೆ ಅಡಚಣೆ: ಒಬ್ಬರು." ನನ್ನ ಸಿಂಹ.

ಆಮೇಲೆ ಅವರು ಕನ್ನಡಕ ತೆಗೆದು, ನಿಧಾನವಾಗಿ ಒಂದು ವಾಕ್ಯ ಓದಿದರು. ನಮ್ಮ ಓಣಿಗೆ ಬಿಸಿಲು ಕೂಡ ಮೈ ಅಡ್ಡ ಮಾಡಿಕೊಂಡು ಬರುತ್ತದೆ. "ಯಾರೋ ಓದುಬರಹ ಕಡಿಮೆ ಇರುವ ವ್ಯಕ್ತಿ. ಹೆಸರೂ ಬರೆದಿಲ್ಲ. ಈ ಒಂದು ಮಾತಿಗಾಗಿ ನಾವು ಹೊರಗಿನವರು ಇಷ್ಟು ದೂರ ಬಂದದ್ದು ಸಾರ್ಥಕ." ಕೌನ್ಸಿಲರುಗಳು ತಲೆದೂಗಿದರು. ಒಬ್ಬರು ಕರವಸ್ತ್ರ ತೆಗೆದರು.

ನಾನು ಏಳಬೇಕಿತ್ತು. ಏಳಲು ಹೊರಟಿದ್ದೆ ಕೂಡ. ಆದರೆ ನಾನು ಬರೆದದ್ದಕ್ಕೆ ಇಷ್ಟು ಜನ ಒಟ್ಟಿಗೆ ತಲೆದೂಗಿದ್ದು ಜೀವಮಾನದಲ್ಲಿ ಇದೇ ಮೊದಲು. ಒಂದು ನಿಮಿಷ ಕೂತು ಅನುಭವಿಸೋಣ ಎನಿಸಿತು. ಅಷ್ಟರಲ್ಲಿ ದೀಪ ಹಾಕಿದರು.

ನಾಳೆ ಹೇಳುತ್ತೇನೆ.

ಏಪ್ರಿಲ್ 4, ಗುರುವಾರ

ಹೇಳಿದೆ. ಹೇಳಿದ ಹಾಗೇ ಲೆಕ್ಕ.

"ಸರ್, ಆ ಫಾರಂಗಳಲ್ಲಿ ಕೆಲವು..."

"ಕೆಲವು?"

"ಕೆಲವು ತಮಾಷೆಗೆ ಬರೆದ ಹಾಗಿದೆ ಸರ್."

"ತಮಾಷೆಗೆ ನಗರಸಭೆಗೆ ಯಾರಾದ್ರೂ ಬರೀತಾರೇನಯ್ಯ? ಕೇಂದ್ರದ ಸೀಲು ಬಿದ್ದಾಯ್ತು." ಮಹಾಪ್ರಭು ನಕ್ಷೆಯಿಂದ ಕಣ್ಣು ತೆಗೆದು ಮೊದಲ ಸಲ ನನ್ನ ಮುಖ ನೋಡಿದರು. "ಕೂತ್ಕೋ. ವರದಿಯನ್ನ ಜನಕ್ಕೆ ಅರ್ಥ ಆಗೋ ಹಾಗೆ ಬರೆಯೋನು ಒಬ್ಬ ಬೇಕು ಅಂತ ಪ್ರೊಫೆಸರು ಕೇಳ್ತಿದಾರೆ. ನಿನ್ನ ಹೆಸರು ಹೇಳಿದೀನಿ. ಕಾಯಂ ಪಟ್ಟಿ ಜೂನ್‌ನಲ್ಲಿ ತೆಗೀತೀವಿ."

ನಾನು ಕೂತೆ. ಕುರ್ಚಿಗೆ ನಾಲ್ಕೂ ಕಾಲಿತ್ತು.

ಏಪ್ರಿಲ್ 22, ಸೋಮವಾರ

ವರದಿ ಮುಗಿಯಿತು. ಅರವತ್ತೆರಡು ಪುಟ. ಪ್ರೊಫೆಸರಮ್ಮ ನಾಲ್ಕೇ ಕಡೆ ತಿದ್ದಿದರು. ನಾನು ಬರೆದದ್ದರಲ್ಲಿ ತೂಕವಿದೆಯಂತೆ. ತಮಾಷೆಗೆ ಎಂದು ಶುರುಮಾಡಿದೆ, ನಿಜ. ಮೂರನೆಯ ಅಧ್ಯಾಯದ ಹೊತ್ತಿಗೆ ಓಣಿ ಅಗಲ ಮಾಡುವುದರಲ್ಲಿ ಒಂದಿಷ್ಟು ನ್ಯಾಯವಿದೆ ಎಂದು ನನಗೇ ಅನ್ನಿಸತೊಡಗಿತು. ಬೆಂಕಿ ಬಿದ್ದರೆ ಅಗ್ನಿಶಾಮಕದ ವಾಹನ ಒಳಗೆ ಬರುವುದಿಲ್ಲ. ಇದು ಸುಳ್ಳೇನಲ್ಲ.

ಓಣಿಯಲ್ಲಿ ನೋಟಿಸು ಅಂಟಿಸಿದ್ದಾರೆ. ಆ ನೂರ ಐವತ್ತೊಂದು ಜನ ಯಾರು ಎಂಬುದೇ ಎಲ್ಲರ ಮಾತು. ಗಡಿಯಾರದವರು ಎದುರು ಸಾಲಿನ ಮುದ್ರಣದ ಅಂಗಡಿಯವನನ್ನು ಗುಮಾನಿಯಿಂದ ನೋಡುತ್ತಾರೆ. ಹದಿನೈದು ವರ್ಷ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದವರು ಈಗ ಬೆಂಚಿನ ಆ ತುದಿ ಈ ತುದಿ. ಮುದ್ರಣದವನು ನಿನ್ನೆಯಿಂದ ಬರುವುದನ್ನೇ ಬಿಟ್ಟಿದ್ದಾನೆ.

"ನಿಮ್ಮ ಆಫೀಸಲ್ಲಿ ಹೆಸರು ಇರುತ್ತಲ್ಲಪ್ಪ, ಒಂದು ಮಾತು ಹೇಳು, ಅವನೋ ಅಲ್ವೋ" ಎಂದು ಗಡಿಯಾರದವರು ನನ್ನ ತೋಳು ಹಿಡಿದುಕೊಂಡರು.

"ಗೋಪ್ಯ ದಾಖಲೆ ಸರ್" ಎಂದೆ.

ಹೇಳುವ ವಿಚಾರವನ್ನು ಸದ್ಯಕ್ಕೆ ಮುಂದೂಡಲಾಗಿದೆ.

ಮೇ 6, ಸೋಮವಾರ

ಒಂದು ಪೀಡೆ. ಗುರುವಾರ ಆಕ್ಷೇಪಣೆಗಳ ವಿಚಾರಣೆ. ಅದಕ್ಕೆ ಮುಂಚೆ ಮೂಲ ಫಾರಂಗಳನ್ನು ಹೊಲಿದು, ರಟ್ಟು ಹಾಕಿ, ಸೀಲು ಮಾಡಿ ಇಡಬೇಕು. ಬಿಡಿ ಹಾಳೆಯನ್ನು ನಗರಸಭೆ ದಾಖಲೆ ಎಂದು ಒಪ್ಪುವುದಿಲ್ಲ. ಬೇರೆ ಬೈಂಡರ್ ಹತ್ತಿರ ಮಾಡಿಸೋಣ ಎಂದು ಯೋಜನಾಧಿಕಾರಿಗಳಿಗೆ ಸೂಚಿಸಿದೆ.

"ನಿಮ್ಮತ್ತೆ ಇರುವಾಗ ಬೇರೆಯವರು ಯಾಕೆ? ಅವರು ಹೊಲಿದದ್ದು ಬಿಚ್ಚಲ್ಲ."

ಜವಾನ ಕಟ್ಟನ್ನು ಸೈಕಲ್ಲಿನ ಮೇಲಿಟ್ಟುಕೊಂಡು ಹೋದ. ಅತ್ತೆ ಕೆಲಸದ ಹಾಳೆಗಳನ್ನು ಓದುವವಳಲ್ಲ. ಪುಟದ ಸಂಖ್ಯೆ ನೋಡುತ್ತಾಳೆ, ಅಂಚು ತಟ್ಟುತ್ತಾಳೆ, ಸೂಜಿ ಚುಚ್ಚುತ್ತಾಳೆ. ಐದು ಪೆನ್ನು, ಎರಡು ಕೈ. ಚಿಂತೆಗೆ ಕಾರಣವಿಲ್ಲ.

ಮೇ 8, ಬುಧವಾರ

ಮಧ್ಯಾಹ್ನ ಊಟಕ್ಕೆಂದು ಬಂದೆ. ಅತ್ತೆ ಅಂಗಡಿಯ ಬಾಗಿಲು ಅರ್ಧ ಹಾಕಿದ್ದಳು. ಮೇಜಿನ ಮೇಲೆ ಫಾರಂಗಳ ಎರಡು ಗುಡ್ಡೆ, ಒಂದು ದೊಡ್ಡದು, ಒಂದು ಚಿಕ್ಕದು.

"ಬಾ ಇಲ್ಲಿ. ಇದನ್ನ ಮುಟ್ಟಿ ನೋಡು" ಎಂದು ಚಿಕ್ಕದನ್ನು ತಳ್ಳಿದಳು. "ಯಾರೋ ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟಿದಾರೆ. ಇದು ಚೀಲದಲ್ಲಿ ಸುರುಳಿ ಸುತ್ತಿದ್ದು. ಇದಕ್ಕೆ ಎಣ್ಣೆ ಕೈ ತಾಗಿದೆ. ಐವತ್ತೇಳು. ಸುಕ್ಕು ಬಿಡಿಸಿ ಭಾರ ಇಡೋದಕ್ಕೇ ನಂಗೆ ಅರ್ಧ ದಿನ ಹಿಡೀತು." ದೊಡ್ಡ ಗುಡ್ಡೆಯ ಮೇಲೆ ಅಂಗೈ ಇಟ್ಟಳು. "ಇದರಲ್ಲಿ ಒಂದಕ್ಕೂ ಮಡಿಕೆ ಇಲ್ಲ. ಯಾರ ಮನೆಗೂ ಹೋಗಿಲ್ಲ, ಯಾರ ಜೇಬೂ ನೋಡಿಲ್ಲ. ಪ್ರೆಸ್ಸಿಂದ ಬಂದ ಹಾಗೇ ಒಂದೇ ಕಡೆ ಕೂತು ಬರೆಸ್ಕೊಂಡಿವೆ."

ನಾನು ಅರ್ಧ ಹಾಕಿದ್ದ ಬಾಗಿಲನ್ನು ಪೂರ್ತಿ ಹಾಕಿದೆ.

"ಅದಕ್ಕೇ ಓದಿದೆ. ನಾನು ಓದೋಳಲ್ಲ, ನಿಂಗೇ ಗೊತ್ತು. ನಮ್ಮ ಓಣಿಯಲ್ಲಿ ಸಿಂಹ ಇತ್ತು ಅಂತ ನಂಗೆ ಗೊತ್ತೇ ಇರಲಿಲ್ಲ ಕಣೋ."

"ಅತ್ತೆ, ಅದು ತಮಾಷೆಗೆ ಅಂತ..."

"ಗೊತ್ತಾಯ್ತು. ನಗುನೂ ಬಂತು. ಎರಡು ಕಡೆ ನಕ್ಕೆ." ಅವಳು ನಗುತ್ತಿರಲಿಲ್ಲ. "ನಾಳೆ ವಿಚಾರಣೆಯಲ್ಲಿ ಎದ್ದು ಹೇಳು. ನಾನು ಬರೆದದ್ದು ಅಂತ ಅಷ್ಟು ಹೇಳು, ಸಾಕು."

"ಕೆಲಸ ಹೋಗುತ್ತೆ."

"ಹೋಗುತ್ತೆ. ಇಲ್ಲಿ ಕೆಲಸ ಇದೆ, ಅಂಟು ಕಲಸೋಕೆ ಒಬ್ಬರು ಬೇಕು ನಂಗೆ." ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಪೋಣಿಸಿದಳು. "ನಾನಾಗಿ ಹೇಳಲ್ಲ. ನಾನು ಬೆಳೆಸಿದ ಹುಡುಗನ ಮೇಲೆ ನಾನು ಚಾಡಿ ಹೇಳಲ್ಲ. ನೀನೇ ಹೇಳ್ಬೇಕು."

ಆಮೇಲೆ ಎರಡೂ ಗುಡ್ಡೆ ಕೂಡಿಸಿ, ಸಂಖ್ಯೆಯ ಪ್ರಕಾರ ಜೋಡಿಸಿ, ಹೊಲಿಯತೊಡಗಿದಳು. ಸಂಜೆಯ ಹೊತ್ತಿಗೆ ರಟ್ಟು ಬಿದ್ದಿತ್ತು. ಬೆನ್ನಿಗೆ ಕೆಂಪು ಬಟ್ಟೆ.

ಮೇ 9, ಗುರುವಾರ

ವಿಚಾರಣೆ ನಡೆಯಿತು.

ಮೇ 13, ಸೋಮವಾರ

ನಾಲ್ಕು ದಿನದಿಂದ ಬರೆದಿಲ್ಲ. ಕೆಲಸದ ಒತ್ತಡ. ಸಲ್ಲಿಕೆಯಾದ ಮೂವತ್ತೊಂದು ಆಕ್ಷೇಪಣೆಗಳಿಗೂ ಉತ್ತರ ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ.

ಗುರುವಾರದ ವಿಚಾರವನ್ನು ಸರಿಯಾಗಿ ದಾಖಲಿಸಿಡುವುದು ಒಳ್ಳೆಯದು, ಮುಂದೆ ಯಾರೂ ತಪ್ಪು ತಿಳಿಯಬಾರದು. ಅತ್ತೆಯ ಸರದಿ ಹದಿನೇಳನೆಯದು. ಬೂದು ಬಣ್ಣದ ಸೀರೆ ಉಟ್ಟಿದ್ದಳು, ಬೆರಳ ತುದಿಯಲ್ಲಿ ಅಂಟು ಒಣಗಿತ್ತು. ಅಧಿಕಾರಿಗಳು ಕೆಂಪು ಬೆನ್ನಿನ ಪುಸ್ತಕ ಎತ್ತಿ ತೋರಿಸಿ, "ಜನರೇ ಬೇಕು ಅಂದಿದಾರಲ್ಲಮ್ಮ, ಇದನ್ನ ಕಟ್ಟಿದವರೂ ನೀವೇ" ಎಂದರು.

"ಕಟ್ಟಿದ್ದು ನಾನೇ. ಚೆನ್ನಾಗೇ ಕಟ್ಟಿದೀನಿ. ಒಳಗಿರೋದನ್ನ ಬರೆದವರು ಈ ಕೋಣೆಯಲ್ಲೇ ಇದ್ರೆ ಎದ್ದು ಹೇಳಲಿ."

ಯಾರೂ ಏಳಲಿಲ್ಲ. ಗಡಿಯಾರದವರು ತಿರುಗಿ ಮುದ್ರಣದವನನ್ನು ನೋಡಿದರು. ಮುದ್ರಣದವನು ನೆಲ ನೋಡಿದ. ಅತ್ತೆ ಯಾರನ್ನೂ ನೋಡಲಿಲ್ಲ, ನನ್ನನ್ನೂ. ಅವಳು ಕಾದಳು, ಎಲ್ಲರಿಗೂ ಮುಜುಗರ ಆಗುವಷ್ಟು ಹೊತ್ತು ಕಾದಳು. ಪ್ರೊಫೆಸರಮ್ಮ ಮೃದುವಾಗಿ, "ಅದು ಗೋಪ್ಯವಾಗಿ ಪಡೆದ ಅಭಿಪ್ರಾಯ ಅಮ್ಮ, ಹಾಗೆ ಕೇಳುವ ಹಾಗಿಲ್ಲ" ಎಂದರು. ಅಧಿಕಾರಿಗಳು ನನ್ನ ಕಡೆ ತಿರುಗಿದರು. "ಇದಕ್ಕೆ ಸಂಬಂಧಪಟ್ಟ ಹಾಗೆ ದಾಖಲೆಯಲ್ಲಿ ಬೇರೆ ಏನಾದ್ರೂ ಇದೆಯೇನಯ್ಯ?"

"ಇಲ್ಲ ಸರ್" ಎಂದೆ. ದಾಖಲೆಯಲ್ಲಿ ನಿಜಕ್ಕೂ ಬೇರೇನೂ ಇರಲಿಲ್ಲ.

ಸ್ವಲ್ಪ ತಾಳ್ಮೆಯಿಂದ ಯೋಚಿಸಿದರೆ ತಿಳಿಯುತ್ತದೆ. ನಾನು ಎದ್ದುನಿಂತಿದ್ದರೆ ಒಡಂಬಡಿಕೆ ಮುರಿದುಬೀಳುತ್ತಿತ್ತು, ಹೊರಗಿನ ಸಂಸ್ಥೆಗಳು ಇನ್ನು ಈ ನಗರಸಭೆಯ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಅಗ್ನಿಶಾಮಕದ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಒಬ್ಬರ ಅಂಗಡಿಗಾಗಿ, ಅದೂ ಸ್ವಂತ ಸಂಬಂಧಿಕರದು, ಇಡೀ ಊರಿನ ಕೆಲಸ ನಿಲ್ಲಿಸುವುದು ಸ್ವಜನಪಕ್ಷಪಾತವಲ್ಲದೆ ಮತ್ತೇನು? ಇದನ್ನು ಅತ್ತೆಗೆ ವಿವರಿಸಿದೆ. ಅವಳು ತಟ್ಟೆ ತೊಳೆಯುತ್ತಿದ್ದಳು. "ಹ್ಞೂಂ" ಎಂದಳು. ಒಪ್ಪಿದಳೆಂದು ಭಾವಿಸಿದ್ದೇನೆ.

ಆಕ್ಷೇಪಣೆ 17ಕ್ಕೆ ಉತ್ತರ ಹೀಗಿದೆ: "ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ಬಹುಸಂಖ್ಯಾತ ನಿವಾಸಿಗಳ ಇಚ್ಛೆಗೆ ವಿರುದ್ಧವಾಗಿರುವುದರಿಂದ ಪುರಸ್ಕರಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸಲಾಗಿದೆ." ಉಳಿದ ಮೂವತ್ತರಲ್ಲಿ ವಿಷಾದವಿಲ್ಲ. ಅತ್ತೆಯದಕ್ಕೆ ಮಾತ್ರ ನಾನೇ ಸೇರಿಸಿದೆ.

ಜೂನ್ 3, ಸೋಮವಾರ

ಕಾಯಂ ಆದೇಶ ಕೈಸೇರಿತು. ಪ್ರೊಫೆಸರಮ್ಮ ಅಭಿನಂದನೆ ತಿಳಿಸಿ ಪತ್ರ ಬರೆದಿದ್ದಾರೆ. ನೌಕರರ ವಸತಿಗೃಹದಲ್ಲಿ ಒಂದು ಮನೆ ಮಂಜೂರಾಗಿದೆ. ಅತ್ತೆಯನ್ನು ಬಂದು ಇರು ಎಂದು ಕರೆದೆ. ಅವಳು ನನ್ನ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ತುಂಬಿಕೊಟ್ಟಳು. ಅಚ್ಚುಕಟ್ಟಾಗಿ ತುಂಬಿದ್ದಳು, ಒಂದು ಬನಿಯನ್ ಕೂಡ ಅಲ್ಲಿ ಉಳಿದಿಲ್ಲ.

ಜುಲೈ 1, ಸೋಮವಾರ

ಬಲಗಡೆಯ ಸಾಲಿನ ತೆರವು ಕಾರ್ಯ ಬೆಳಗ್ಗೆ ಏಳಕ್ಕೆ ಆರಂಭವಾಗಿ ಹನ್ನೊಂದೂವರೆಗೆ ಮುಗಿಯಿತು. ಅಹಿತಕರ ಘಟನೆ ನಡೆಯಲಿಲ್ಲ. ಮೇಲ್ವಿಚಾರಣೆ ನನ್ನದು. ಗಡಿಯಾರದವರು ಎದುರುಗಡೆಯ ಕಟ್ಟೆಯ ಮೇಲೆ ಮಡಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ನಾನು ಮಾತಾಡಿಸಲು ಹೋದೆ. ಮುದ್ರಣದವನ ಬಗ್ಗೆಯೇ ಏನೋ ಹೇಳುತ್ತಿದ್ದರು, ಅವನ ವಂಶ ಉದ್ಧಾರವಾಗದಿರಲಿ ಎಂದು. ಸಮಾಧಾನಪಡಿಸಿದೆ.

ಬಿಸಿಲು ಬಹಳ ಇತ್ತು. ಕಚೇರಿಯಿಂದ ಛತ್ರಿ ತರಿಸಿಕೊಂಡೆ.

ಆಗಸ್ಟ್ 20, ಮಂಗಳವಾರ

ಸ್ಥಳಾಂತರಗೊಂಡವರ ಯೋಗಕ್ಷೇಮ ಸಮೀಕ್ಷೆಯನ್ನು ಕೇಂದ್ರದ ಸಹಯೋಗದಲ್ಲಿ ಕೈಗೊಳ್ಳಲಾಗಿದೆ. ಇಂದು ಆರು ಮನೆಗಳಿಗೆ ಭೇಟಿ ನೀಡಿದೆ. ನಾಲ್ಕನೆಯದು ಅತ್ತೆಯದು. ಬಸ್ ಡಿಪೋ ದಾಟಿದ ಮೇಲೆ, ಮಳಿಗೆಗಳ ಹಿಂಭಾಗದಲ್ಲಿ ಒಂದು ಕೋಣೆ. ನನ್ನ ಶಿಫಾರಸಿನ ಮೇರೆಗೆ ಕಿಟಕಿ ಇರುವುದನ್ನೇ ಕೊಡಿಸಿದ್ದೆ. ಸಂತೋಷವಾಯಿತು.

ನಾನು ಒಳಗೆ ಹೋದೊಡನೆ ಅತ್ತೆ ಎದ್ದುನಿಂತಳು. ಸೆರಗಿನಿಂದ ಕುರ್ಚಿ ಒರೆಸಿದಳು.

"ಬನ್ನಿ, ಕೂತ್ಕೊಳ್ಳಿ."

ಹೇಗಿದ್ದೀಯ ಎಂದೆ. ಚೆನ್ನಾಗಿದ್ದೀನಿ ಎಂದಳು. ನೀರು ಬರುತ್ತದೆಯೇ, ಬರುತ್ತದೆ. ದೀಪ, ಇದೆ. ಕೆಲಸ ಸಿಗುತ್ತಿದೆಯೇ, ಪರವಾಗಿಲ್ಲ. ತೊಂದರೆ ಏನಾದರೂ ಇದ್ದರೆ ಸಂಕೋಚವಿಲ್ಲದೆ ತಿಳಿಸಬಹುದು ಎಂದೆ.

"ಏನೂ ಇಲ್ಲ. ಸಹಿ ಎಲ್ಲಿ ಹಾಕ್ಲಿ ಸರ್?"

ಅತ್ತೆಗೆ ಮೊದಲಿನಿಂದಲೂ ತಮಾಷೆಯ ಸ್ವಭಾವ. ನಾನು ನಕ್ಕೆ. ಅವಳು ಪೆನ್ನು ಹಿಡಿದು ನಿಂತೇ ಇದ್ದಳು, ನಾನು ಜಾಗ ತೋರಿಸುವವರೆಗೆ.

ಐದನೆಯ ಮನೆಗೆ ತಡವಾಗುತ್ತಿದ್ದುದರಿಂದ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ಸದರಿ ಕುಟುಂಬದ ಪರಿಸ್ಥಿತಿ ತೃಪ್ತಿಕರ ಎಂದು ದಾಖಲಿಸಲಾಗಿದೆ.